ಪುದೀನವೋ, ಅದರ ದಾಯಾದಿಯೋ: ಕೈಯಲ್ಲಿರುವ ಗಿಡವನ್ನು ಗುರುತಿಸುವ ಬಗೆ

ಮೂಗನ್ನೊಂದೇ ನಂಬಿ ಪುದೀನವನ್ನು ಗುರುತಿಸಲು ಹೊರಟರೆ ಮೋಸಹೋಗುವುದು ಖಂಡಿತ. ಪುದೀನದ ವಾಸನೆ ಪುದೀನವಲ್ಲದ ಗಿಡಗಳಲ್ಲೂ ಇದೆ. ಪುದೀನದ ಕುಲಕ್ಕೇ ಸೇರಿದ ಕೆಲವು ಗಿಡಗಳಲ್ಲಿ ನಾವು ಎದುರುನೋಡುವ ಆ ತಂಪು ಘಾಟು ಇರುವುದೇ ಇಲ್ಲ. ಆದ್ದರಿಂದ ಮೊದಲು ಹೆಸರಿನ ಗೋಜಲು ಬಿಡಿಸಿಕೊಳ್ಳಿ, ಆಮೇಲೆ ಕಾಂಡ, ಎಲೆ, ಹೂವು, ಬೇರು ನೋಡಿ. ಮೂಗಿಗೆ ಕೊನೆಯ ಸರದಿ.

ಮಿಂಟ್ ಅಂದರೆ ಎಷ್ಟು ಅರ್ಥ?

‘ಪುದೀನ’ ಪಾರಸಿಯಿಂದ ಹಿಂದೂಸ್ತಾನಿಯ ಮೂಲಕ ನಮಗೆ ಬಂದ ಪದ. ‘ಮಿಂಟ್’ ಬಂದ ದಾರಿ ಬೇರೆ: ಗ್ರೀಕಿನ ‘ಮಿಂಥೆ’, ಲ್ಯಾಟಿನ್ನಿನ ‘ಮೆಂಥಾ’, ಅಲ್ಲಿಂದ ಇಂಗ್ಲಿಷು. ಗ್ರೀಕ್ ಪುರಾಣದ ಮಿಂಥೆ ಪಾತಾಳದೊಡೆಯ ಹೇಡೀಸ್ ಮೋಹಿಸಿದ ಹೆಣ್ಣು; ಅವನ ಮಡದಿ ಪರ್ಸೆಫೊನೆಯ ಸಿಟ್ಟಿಗೆ ಸಿಕ್ಕಿ, ತುಳಿದಷ್ಟೂ ಘಮಘಮಿಸುವ ಗಿಡವಾದಳು ಎಂದು ಕತೆ. 1753ರಲ್ಲಿ ಲಿನೇಯಸ್ ಸಸ್ಯಗಳಿಗೆ ಎರಡು ಪದದ ಹೆಸರಿಡುವಾಗ ಇಡೀ ಕುಲಕ್ಕೆ ‘ಮೆಂಥಾ’ ಎಂಬ ಹಳೆಯ ಹೆಸರನ್ನೇ ಉಳಿಸಿಕೊಂಡ.

ನಾಣ್ಯ ಅಚ್ಚು ಹಾಕುವ ಮಿಂಟ್, ಅಂದರೆ ಟಂಕಸಾಲೆ, ಇದಕ್ಕೆ ಸಂಬಂಧವೇ ಇಲ್ಲದ ಪದ. ರೋಮ್‌ನಲ್ಲಿ ಜೂನೋ ಮೊನೇಟಾ ದೇವತೆಯ ಗುಡಿಯ ಬಳಿ ನಾಣ್ಯ ಅಚ್ಚಾಗುತ್ತಿತ್ತು. ಆ ‘ಮೊನೇಟಾ’ದಿಂದಲೇ ಟಂಕಸಾಲೆಯ ಮಿಂಟ್, ‘ಮನಿ’ ಎರಡೂ ಹುಟ್ಟಿದವು. ಹಳೆಯ ವಸ್ತು ‘ಮಿಂಟ್ ಕಂಡಿಷನ್’ನಲ್ಲಿದೆ ಎಂದರೆ ಆಗತಾನೆ ಅಚ್ಚಿನಿಂದ ಬಿದ್ದ ನಾಣ್ಯದಂತಿದೆ ಎಂದರ್ಥ, ಪುದೀನದ ತಾಜಾತನಕ್ಕೂ ಅದಕ್ಕೂ ನಂಟಿಲ್ಲ. ಹಾಗೇ ‘ಮಿಂಟ್ ಗ್ರೀನ್’ ಎಂದು ಬಣ್ಣದ ಪಟ್ಟಿಯಲ್ಲಿ ಕಾಣುವ ತಿಳಿ ನೀಲಿಹಸಿರು ಯಾವ ಪುದೀನದ ಎಲೆಯ ಬಣ್ಣವೂ ಅಲ್ಲ. ಹಸಿ ಎಲೆ ಅದಕ್ಕಿಂತ ಎಷ್ಟೋ ಕಡು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಪೆಪ್ಪರ್‌ಮಿಂಟ್ ಎಂಬ ಗಿಡದ ಹೆಸರು ನಮ್ಮ ಬಾಯಲ್ಲಿ ‘ಪೆಪ್ಪರಮೆಂಟು’ ಆಗಿ, ಯಾವ ರುಚಿಯದೇ ಇರಲಿ, ಚೀಪುವ ಸಕ್ಕರೆ ಮಿಠಾಯಿಗೆಲ್ಲ ಅಂಟಿಕೊಂಡಿದೆ. ಕಿತ್ತಳೆ ರುಚಿಯ ಮಿಠಾಯಿಯೂ ಪೆಪ್ಪರಮೆಂಟೇ! ಇಲ್ಲಿ ಪೆಪ್ಪರ್‌ಮಿಂಟ್ ಎಂದಾಗಲೆಲ್ಲ ಗಿಡವೆಂದೇ ತಿಳಿಯಿರಿ.

ಕೊನೆಯದಾಗಿ, ಸಸಿ ಮಾರುವವರ ಚೀಟಿಗಳಲ್ಲಿ ‘ಮಿಂಟ್’ ಬಾಲಂಗೋಚಿಯಂತೆ ಅಂಟಿರುವ ಹೆಸರುಗಳು. ‘ಮೆಕ್ಸಿಕನ್ ಮಿಂಟ್’ ಅಂದರೆ ನಮ್ಮ ದೊಡ್ಡಪತ್ರೆ. ‘ಕ್ಯಾಟ್‌ಮಿಂಟ್’ ನೆಪೆಟಾ ಕುಲದ್ದು. ‘ಕೊರಿಯನ್ ಮಿಂಟ್’ ಅಗಸ್ಟಾಕೆ ಕುಲದ್ದು. ‘ವಿಯೆಟ್ನಾಮೀಸ್ ಮಿಂಟ್’ ಅಂತೂ ಈ ಕುಟುಂಬವನ್ನೇ ಸೇರಿಲ್ಲ. ಚೀಟಿಯಲ್ಲಿ ಮೆಂಥಾ ಎಂಬ ಕುಲನಾಮ ಇದ್ದರೆ ಮಾತ್ರ ಅದು ಪುದೀನ; ಇಲ್ಲದಿದ್ದರೆ ಗಿಡವನ್ನೇ ಕೇಳಬೇಕು.

ಮೊದಲು ಕುಟುಂಬ

ಇಂಗ್ಲಿಷಿನವರು ಮಿಂಟ್ ಕುಟುಂಬ ಎನ್ನುವುದನ್ನು ಕನ್ನಡದಲ್ಲಿ ತುಳಸಿ ಕುಟುಂಬ ಎನ್ನುತ್ತೇವೆ. ಸಸ್ಯಶಾಸ್ತ್ರದ ಹೆಸರು ಲೇಮಿಯೇಸಿ. ಸುಮಾರು 7,000 ಪ್ರಭೇದಗಳ ದೊಡ್ಡ ಒಕ್ಕಲು. ಇದರ ಹಳೆಯ ಹೆಸರು ಲೇಬಿಯೇಟೇ, ಎಂದರೆ ತುಟಿಯುಳ್ಳದ್ದು. ಹೂವಿನ ಎರಡು ತುಟಿಯ ಆಕಾರದಿಂದ ಬಂದದ್ದು.

ಗಿಡದ ತುದಿಯಿಂದ ಕೆಳಗೆ ಮೂರನೆಯ ಅಥವಾ ನಾಲ್ಕನೆಯ ಗೆಣ್ಣಿನ ಬಳಿ ಕಾಂಡವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹೊರಳಿಸಿ. ಈ ಕುಟುಂಬದ್ದಾದರೆ ನಾಲ್ಕು ಮೂಲೆ ಬೆರಳಿಗೆ ತಾಗುತ್ತವೆ. ಅನುಮಾನವಿದ್ದರೆ ಬ್ಲೇಡಿನಿಂದ ಅಡ್ಡ ಸೀಳಿ ನೋಡಿ, ಚೌಕ ಕಾಣುತ್ತದೆ. ಎಳೆಯ ಕಾಂಡವನ್ನು ನೆಟ್ಟಗೆ ನಿಲ್ಲಿಸುವ ಗಟ್ಟಿ ನಾರಿನ ಕಂಬಗಳು ನಾಲ್ಕು ಮೂಲೆಯಲ್ಲೇ ಇರುವುದರಿಂದ ಈ ಆಕಾರ. ಬುಡದ ಹಳೆಯ ಕಾಂಡ ದಪ್ಪವಾಗುತ್ತಾ ಉರುಟಾಗುತ್ತದೆ; ಬುಡವನ್ನು ಮಾತ್ರ ಮುಟ್ಟಿ ‘ಚೌಕವಿಲ್ಲ’ ಎಂದುಬಿಡುವುದು ಎಲ್ಲರೂ ಮಾಡುವ ತಪ್ಪು.

ಎಲೆಗಳು ಒಂದೊಂದು ಗೆಣ್ಣಿನಲ್ಲಿ ಎದುರುಬದುರಾಗಿ ಜೋಡಿಯಾಗಿರಬೇಕು. ಒಂದು ಜೋಡಿ ಉತ್ತರ ದಕ್ಷಿಣಕ್ಕೆ ಮುಖಮಾಡಿದ್ದರೆ ಅದರ ಮೇಲಿನದು ಪೂರ್ವ ಪಶ್ಚಿಮಕ್ಕೆ. ಕುಡಿಯನ್ನು ನೆತ್ತಿಯ ಮೇಲಿಂದ ಇಣುಕಿ ನೋಡಿದರೆ ಕೂಡುಚಿಹ್ನೆಯಂತೆ ಕಾಣುತ್ತದೆ. ಎಲೆ ಒಂದು ಬಿಟ್ಟು ಒಂದರಂತೆ ಏರಿದ್ದರೆ ಅಲ್ಲಿಗೆ ಪರೀಕ್ಷೆ ಮುಗಿಯಿತು. ವಾಸನೆ ಎಷ್ಟೇ ಪುದೀನದಂತಿರಲಿ, ಅದು ಪುದೀನವಲ್ಲ.

ಹೂವು ಉದುರಿದ ಮೇಲೆ ಪುಷ್ಪಪಾತ್ರೆಯ (ಹೂವಿನ ಬುಡವನ್ನು ಸುತ್ತಿರುವ ಹಸಿರು ಬಟ್ಟಲು) ತಳದಲ್ಲಿ ನಾಲ್ಕು ಪುಟ್ಟ ಕಾಳುಗಳು ಕೂತಿರುತ್ತವೆ. ಇದು ಮೂರನೆಯ ಗುರುತು. ಒಂದೇ ಒಂದು ತಿರುಳಿನ ಹಣ್ಣು ಇದ್ದರೆ ಮೂಲಿಕೆಗಳ ಮಟ್ಟಿಗೆ ಬೇರೆ ಕುಟುಂಬವೆಂದು ತಿಳಿಯಬಹುದು.

ಆದರೆ ಚೌಕ ಕಾಂಡವೊಂದೇ ಸಾಲದು. ಲಂಟಾನಕ್ಕೂ ಚೌಕ ಕಾಂಡ, ಜೋಡಿ ಎಲೆ, ಉಜ್ಜಿದರೆ ಘಾಟು ಎಲ್ಲ ಇವೆ. ಅದು ವರ್ಬಿನೇಸಿ ಕುಟುಂಬದ್ದು. ಕಾಫಿಯ ಕುಟುಂಬದ ಕೆಲವು ಕಳೆಗಳಿಗೂ ಚೌಕ ಕಾಂಡವೇ. ಹಾಗೇ ಈ ಕುಟುಂಬದವೆಲ್ಲ ಎಲೆಯ ಗಿಡಗಳೂ ಅಲ್ಲ. ತೇಗದ ಮರವನ್ನೂ ಲಕ್ಕಿ ಗಿಡವನ್ನೂ ಮೊದಲು ವರ್ಬಿನೇಸಿಯಲ್ಲಿ ಇಡುತ್ತಿದ್ದರು, ಈಗ ಲೇಮಿಯೇಸಿಗೆ ಸೇರಿಸಿದ್ದಾರೆ. ತೇಗದ ಎಳೆಯ ರೆಂಬೆ ಮುಟ್ಟಿ ನೋಡಿ, ಅದೂ ಚೌಕ. ಪುದೀನವೂ ತೇಗವೂ ಒಂದೇ ಮನೆತನ ಎಂದರೆ ನಂಬುವವರು ಕಡಿಮೆ.

ಆಮೇಲೆ ಕುಲ: ಹೂವೂ ಹಬ್ಬುಕಾಂಡವೂ

ಕುಟುಂಬ ಖಚಿತವಾಯಿತು ಎನ್ನಿ. ಮೆಂಥಾ ಕುಲವೇ ಎನ್ನಲು ಎರಡು ಗುರುತು ಬೇಕು.

ಹೂವಿದ್ದರೆ ಕೆಲಸ ಸುಲಭ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಈ ಕುಟುಂಬದ ಬಹುಪಾಲು ಗಿಡಗಳಲ್ಲಿ ಹೂವಿಗೆ ಮೇಲ್ತುಟಿ ಕೆಳತುಟಿ ಎದ್ದು ಕಾಣುತ್ತವೆ. ಪುದೀನ ಆ ನಿಯಮಕ್ಕೆ ಹೊರತು. ಅದರ ಪುಟ್ಟ ಹೂವಿನಲ್ಲಿ ನಾಲ್ಕು ಹಾಲೆಗಳು, ಅಂದರೆ ಹೂವಿನ ಬಾಯಂಚಿನ ಸೀಳುಗಳು, ಹೆಚ್ಚುಕಡಿಮೆ ಒಂದೇ ಅಳತೆಯವು, ಮೇಲಿನದು ಮಾತ್ರ ತುಸು ಅಗಲವಾಗಿ ತುದಿಯಲ್ಲಿ ಕಚ್ಚು ಬಿದ್ದಿರುತ್ತದೆ. ನಾಲ್ಕು ಕೇಸರಗಳೂ ಸರಿಸಮ, ಒಂದಕ್ಕೊಂದು ತಾಗದಂತೆ ದೂರ ದೂರ ನಿಂತಿರುತ್ತವೆ. ಮಿಶ್ರತಳಿಗಳಲ್ಲಿ ಕೇಸರಗಳು ಕುಗ್ಗಿ ಹೂವಿನೊಳಗೇ ಉಳಿದಿರುವುದುಂಟು, ಹಾಗೆ ಕಂಡರೆ ಗಾಬರಿ ಬೇಡ.

ಹೂವು ಸಿಗದಿರುವುದೇ ಹೆಚ್ಚು. ಪುದೀನ ಹಗಲು ಉದ್ದವಾದ ಕಾಲದಲ್ಲಿ ಹೂ ಬಿಡುವ ಗಿಡ. ಹಗಲು ಇರುಳು ವರ್ಷವಿಡೀ ಸಮಸಮವಿರುವ ನಾಡುಗಳಲ್ಲಿ ಪೆಪ್ಪರ್‌ಮಿಂಟ್ ವರ್ಷಗಟ್ಟಲೆ ಹೂ ತೋರಿಸದೆ ಎಲೆ ಬಿಡುತ್ತಲೇ ಇರಬಹುದು. ಆಗ ಬುಡವನ್ನು ಕೆದಕಿ. ಬಹುತೇಕ ಪುದೀನಗಳಿಗೆ ಹಬ್ಬುಕಾಂಡಗಳಿರುತ್ತವೆ: ಮಣ್ಣಿನ ಮೇಲೆ ಹಸಿರು ಅಥವಾ ನೇರಳೆ ಬಣ್ಣದವು, ಮಣ್ಣಿನ ಕೆಳಗೆ ಬಿಳಿಯವು. ಒಂದೊಂದು ಗೆಣ್ಣಿನಿಂದ ಕೆಳಕ್ಕೆ ಬೇರು, ಮೇಲಕ್ಕೆ ಚಿಗುರು. ತುಳಸಿಗೂ ಕಾಮಕಸ್ತೂರಿಗೂ ಇದಿಲ್ಲ. ಅವು ಒಂದೇ ಬುಡದಿಂದ ಮೇಲೆದ್ದು ಕವಲೊಡೆಯುತ್ತವೆ. ನಾಲ್ಕಾರು ಗೆಣ್ಣಿಗೆ ಬೇರಿಳಿಸಿಕೊಂಡು ಕುಂಡದ ಅಂಚಿನಿಂದ ಆಚೆ ಹೊರಟ ಕಾಂಡ ಕಂಡರೆ ಹೂವಿಲ್ಲದೆಯೂ ಮುಕ್ಕಾಲು ಪಾಲು ತೀರ್ಮಾನವಾದಂತೆ.

ಹತ್ತಿರದ ದಾಯಾದಿಗಳು

*ತುಳಸಿ, ಕಾಮಕಸ್ತೂರಿ.* ಇವು ಆಸಿಮಮ್ ಕುಲ. ಹೂವು ತಲೆಕೆಳಗಾದಂತಿರುತ್ತದೆ: ಮೇಲ್ತುಟಿಯಲ್ಲಿ ನಾಲ್ಕು ಹಾಲೆ, ಕೆಳಗೆ ಒಂದೇ ಉದ್ದ ಹಾಲೆ, ಅದರ ಮೇಲೆ ಮಲಗಿದಂತೆ ಕೇಸರಗಳು. ಪುಷ್ಪಪಾತ್ರೆಯ ಮೇಲಿನ ಹಾಲೆ ದುಂಡಗೆ ಅಗಲವಾಗಿ ಮುಚ್ಚಳದಂತಿರುತ್ತದೆ, ಒಣಗಿದ ತೆನೆಯಲ್ಲೂ ಅದನ್ನು ನೋಡಬಹುದು. ಕಾಮಕಸ್ತೂರಿಯ ಎಲೆ ನುಣುಪು, ಹೊಳಪು, ನಡುವೆ ದೋಣಿಯಂತೆ ಉಬ್ಬಿರುತ್ತದೆ. ಪುದೀನದ ಎಲೆಯಲ್ಲಾದರೋ ನರಗಳು ತಗ್ಗಿಗಿಳಿದು ಮೇಲ್ಮೈ ಸುಕ್ಕುಸುಕ್ಕು, ಅಂಚು ಗರಗಸದಂತೆ. ಕಾಮಕಸ್ತೂರಿಯ ಬೀಜ ನೀರಿಗೆ ಹಾಕಿದ ಕೆಲವೇ ನಿಮಿಷದಲ್ಲಿ ಲೋಳೆ ಕಟ್ಟಿಕೊಂಡು ಉಬ್ಬುತ್ತದೆ. ತುಳಸಿಯ ಘಾಟಿಗೆ ಮುಖ್ಯ ಕಾರಣ ಯೂಜಿನಾಲ್, ಲವಂಗದಲ್ಲಿರುವುದೂ ಅದೇ. ಆದ್ದರಿಂದಲೇ ತುಳಸಿ ಜಗಿದರೆ ನಾಲಿಗೆ ತಂಪಾಗುವ ಬದಲು ಚುರುಗುಟ್ಟುತ್ತದೆ.

*ದೊಡ್ಡಪತ್ರೆ.* ಎಲೆ ದಪ್ಪ, ರಸಭರಿತ, ಮುರಿದರೆ ಸೌತೆಕಾಯಿಯಂತೆ ಪಟಕ್ಕೆನ್ನುತ್ತದೆ. ಮೇಲೆಲ್ಲ ನವಿರಾದ ರೋಮ. ವಾಸನೆ ಓಮದ್ದು. ಕಾರ್ವಕ್ರಾಲ್, ಥೈಮಾಲ್ ಎಂಬ ತೈಲಾಂಶಗಳೇ ಅದಕ್ಕೆ ಕಾರಣ. ಇದನ್ನು ಪುದೀನವೆಂದು ತಪ್ಪು ತಿಳಿಯುವವರು ಚೀಟಿ ಓದಿದವರು, ಗಿಡ ನೋಡಿದವರಲ್ಲ.

*ಲೆಮನ್ ಬಾಮ್.* ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವುದು ಇಲ್ಲಿ. ಎಲೆಯ ಸುಕ್ಕು, ಗರಗಸದ ಅಂಚು, ಬಣ್ಣ, ಎತ್ತರ ಎಲ್ಲ ಥೇಟ್ ಪುದೀನ. ಉಜ್ಜಿದರೆ ನಿಂಬೆಯ ವಾಸನೆ, ತಂಪು ಇಲ್ಲ. ಇದರ ಕುಲನಾಮ ಮೆಲಿಸ್ಸಾ, ಗ್ರೀಕಿನಲ್ಲಿ ಜೇನುನೊಣ ಎಂದರ್ಥ. ಹೂವುಗಳು ಎಲೆಗಂಕುಳಲ್ಲಿ ಗುಂಪಾಗಿ, ಒಂದೇ ಪಕ್ಕಕ್ಕೆ ವಾಲಿ ಅರಳುತ್ತವೆ, ಎರಡು ತುಟಿ ಸ್ಪಷ್ಟ. ಬುಡ ಕೆದಕಿದರೆ ಪುದೀನದಂತೆ ಊರೂರು ಅಲೆಯುವ ಹಬ್ಬುಕಾಂಡ ಸಿಗುವುದಿಲ್ಲ. ಗಿಡ ಒಂದೇ ಕಡೆ ಮೋಟಾಗಿ ಕೂತು ಹಿಗ್ಗುತ್ತದೆ, ಹರಡುವುದು ಬೀಜ ಉದುರಿ. ಆದರೆ ಕೆಲವು ಪುದೀನ ತಳಿಗಳಿಗೂ ನಿಂಬೆ, ಕಿತ್ತಳೆಯ ವಾಸನೆ ಇರುವುದರಿಂದ ನಿಂಬೆ ವಾಸನೆ ಬಂದ ಕೂಡಲೇ ಲೆಮನ್ ಬಾಮ್ ಎಂದುಬಿಡಬೇಡಿ. ಇಲ್ಲಿ ತೀರ್ಪು ಹೇಳಬೇಕಾದದ್ದು ಬುಡ.

*ಕ್ಯಾಟ್‌ನಿಪ್.* ನೆಪೆಟಾ ಕುಲ. ಎಲೆ ಬೂದು ಹಸಿರು, ಬುಡದಲ್ಲಿ ಹೃದಯದಾಕಾರ, ಮುಟ್ಟಿದರೆ ಮೆತ್ತಗೆ. ಬಿಳಿ ಹೂವಿನ ಕೆಳತುಟಿಯಲ್ಲಿ ನೇರಳೆ ಚುಕ್ಕೆಗಳು. ಬೆಕ್ಕುಗಳು ಇದರಲ್ಲಿ ಹೊರಳಾಡುವುದು ನೆಪೆಟಲ್ಯಾಕ್ಟೋನ್ ಎಂಬ ವಸ್ತುವಿನಿಂದ. ಆ ಸ್ವಭಾವ ಬೆಕ್ಕಿಗೆ ಹುಟ್ಟಿನಿಂದ ಬರಬೇಕು, ಎಲ್ಲ ಬೆಕ್ಕಿಗೂ ಇರುವುದಿಲ್ಲ. ಹಾಗಾಗಿ ಬೆಕ್ಕು ಮೂಸಿ ಸುಮ್ಮನೆ ಹೋಯಿತು ಎಂದ ಮಾತ್ರಕ್ಕೆ ಅದು ಕ್ಯಾಟ್‌ನಿಪ್ ಅಲ್ಲ ಎನ್ನಲಾಗದು.

ಮರುಗ, ಓರೆಗಾನೊ, ಥೈಮ್ ಇವುಗಳ ಎಲೆ ಪುದೀನಕ್ಕಿಂತ ಚಿಕ್ಕದು, ಅಂಚಿಗೆ ಗರಗಸವಿಲ್ಲ ಅಥವಾ ಇದ್ದೂ ಇಲ್ಲದಂತಿದೆ, ಕಾಂಡ ಬೇಗ ಕಟ್ಟಿಗೆಯಂತಾಗುತ್ತದೆ. ಇವನ್ನು ಬೇರೆ ಮಾಡಲು ಇಷ್ಟು ಸಾಕು. ಮರುಗದ ಜೊತೆಗೇ ಹೆಸರು ಬರುವ ದವನ ಮಾತ್ರ ಈ ಮನೆತನದ್ದಲ್ಲ. ಅದು ಸೇವಂತಿಗೆಯ ಕುಟುಂಬ.

ಕುಟುಂಬವೇ ಬೇರೆ, ವೇಷ ಮಾತ್ರ ಒಂದೇ

ಲಂಟಾನದ ಎಳೆಯ ಗಿಡ ಎಲ್ಲಕ್ಕಿಂತ ಅಪಾಯದ್ದು. ಕಾಂಡದ ಮೂಲೆಗಳ ಮೇಲೆ ಕೊಕ್ಕೆಯಂಥ ಸಣ್ಣ ಮುಳ್ಳುಗಳಿವೆಯೇ ನೋಡಿ. ಎಲೆಯನ್ನು ಬೆರಳಿನಿಂದ ಸವರಿದರೆ ಉಪ್ಪುಕಾಗದದಂತೆ ಒರಟು. ಇದರ ಎಲೆ ತಿಂದ ಜಾನುವಾರುಗಳ ಯಕೃತ್ತು ಕೆಡುತ್ತದೆ. ಪುದೀನಕ್ಕೆ ಮುಳ್ಳು ಎಂದೂ ಇರುವುದಿಲ್ಲ.

ತುರಿಕೆ ಗಿಡಗಳಲ್ಲಿ ಅರ್ಟಿಕಾ ಕುಲದ್ದಕ್ಕೂ ಜೋಡಿ ಎಲೆ, ಗರಗಸದ ಅಂಚು ಇದೆ. ಮುಟ್ಟಿದವರಿಗೆ ವಿವರಣೆ ಬೇಕಾಗುವುದಿಲ್ಲ. ಮುಟ್ಟುವ ಮೊದಲೇ ತಿಳಿಯಬೇಕೆಂದರೆ ಬೆಳಕಿಗೆ ಎದುರಾಗಿ ಹಿಡಿದು ಕಾಂಡದ ಮೇಲೆ ಸೂಜಿಯಂಥ ನೆಟ್ಟನೆಯ ರೋಮಗಳಿವೆಯೇ ಎಂದು ನೋಡಿ. ವಿಯೆಟ್ನಾಮೀಸ್ ಮಿಂಟ್ ಎಂದು ಮಾರುವ ಗಿಡದಲ್ಲಿ ಎಲೆಗಳು ಒಂದು ಬಿಟ್ಟು ಒಂದು, ಪ್ರತಿ ಗೆಣ್ಣನ್ನೂ ತೆಳು ಪೊರೆ ಬಳೆಯಂತೆ ಸುತ್ತಿರುತ್ತದೆ. ಲೆಮನ್ ವರ್ಬಿನಾದಲ್ಲಿ ಒಂದು ಗೆಣ್ಣಿಗೆ ಸಾಮಾನ್ಯವಾಗಿ ಮೂರು ಎಲೆ.

ಪುದೀನವೇ ಸರಿ, ಆದರೆ ಯಾವುದು?

ಮೆಂಥಾ ಕುಲದಲ್ಲಿ ಪ್ರಭೇದಗಳು ಎರಡು ಡಜನ್ನಿನೊಳಗೇ ಇವೆ. ಗೋಜಲಿಗೆ ಕಾರಣ ಪ್ರಭೇದಗಳ ಸಂಖ್ಯೆಯಲ್ಲ, ಅವು ಪರಸ್ಪರ ಬೆರೆಯುವ ರೀತಿ. ಸ್ಪಿಯರ್‌ಮಿಂಟ್ ಎನ್ನುವ ಮೆಂಥಾ ಸ್ಪೈಕೇಟಾವೇ ಎರಡು ಕಾಡು ಪುದೀನಗಳ ಬೆರಕೆಯಿಂದ ಹುಟ್ಟಿದ್ದು. ಅದು ಮತ್ತೆ ನೀರು ಪುದೀನದ (ಮೆಂಥಾ ಅಕ್ವಾಟಿಕಾ) ಜೊತೆ ಬೆರೆತು ಪೆಪ್ಪರ್‌ಮಿಂಟ್ ಆಯಿತು. ಲೆಕ್ಕ ನೋಡಿ: ಸ್ಪಿಯರ್‌ಮಿಂಟ್‌ನ ವರ್ಣತಂತುಗಳು 48, ನೀರು ಪುದೀನದವು 96, ಇಬ್ಬರಿಂದಲೂ ಅರ್ಧರ್ಧ ಬಂದು ಪೆಪ್ಪರ್‌ಮಿಂಟ್‌ಗೆ 72. ಸರಿಯಾಗಿ ಜೋಡಿಯಾಗದ ಈ ವರ್ಣತಂತುಗಳಿಂದಾಗಿ ಪೆಪ್ಪರ್‌ಮಿಂಟ್ ಬಹುಮಟ್ಟಿಗೆ ಬಂಜೆ. ಇದರ ನೇರ ಪರಿಣಾಮ ಕೊಳ್ಳುವವರ ಮೇಲೆ: ಪೊಟ್ಟಣದಲ್ಲಿ ‘ಪೆಪ್ಪರ್‌ಮಿಂಟ್ ಬೀಜ’ ಎಂದು ಸಿಗುವುದು ನಿಜವಾದ ಪೆಪ್ಪರ್‌ಮಿಂಟ್ ಆಗಿರುವುದಿಲ್ಲವೆಂದೇ ತಿಳಿಯಿರಿ. ನಿಜವಾದದ್ದು ತುಂಡಿನಿಂದ ಅಥವಾ ಹಬ್ಬುಕಾಂಡದಿಂದಲೇ ಬರಬೇಕು.

ಹೂವಿಲ್ಲದಾಗ ಮೊದಲು ನೋಡಬೇಕಾದದ್ದು ಎಲೆಯ ತೊಟ್ಟು. ಸ್ಪಿಯರ್‌ಮಿಂಟ್ ಎಲೆಗೆ ತೊಟ್ಟೇ ಇಲ್ಲ ಎನ್ನುವಷ್ಟು ಕಡಿಮೆ. ಎಲೆ ಕಾಂಡಕ್ಕೇ ಅಂಟಿದಂತಿರುತ್ತದೆ, ತುದಿ ಈಟಿಯಂತೆ ಚೂಪು, ಬಣ್ಣ ತಿಳಿ ಹಸಿರು. ಪೆಪ್ಪರ್‌ಮಿಂಟ್ ಎಲೆಗೆ ಅರ್ಧದಿಂದ ಒಂದೂವರೆ ಸೆಂಟಿಮೀಟರ್ ತೊಟ್ಟು ಇರುತ್ತದೆ. ಎಲೆ ಕಡು ಹಸಿರು, ಕಾಂಡ ಮತ್ತು ನರಗಳಲ್ಲಿ ಆಗಾಗ ನೇರಳೆ ಛಾಯೆ. ನೇರಳೆ ಛಾಯೆಯನ್ನೇ ನೆಚ್ಚಬೇಡಿ, ಬಿಸಿಲು ಹೆಚ್ಚಾದರೆ, ಚಳಿಗೆ ಸಿಕ್ಕಿದರೆ ಬೇರೆ ಪುದೀನಗಳೂ ಕೆಂಪಾಗುತ್ತವೆ. ತೊಟ್ಟು ಅಷ್ಟು ಸುಲಭಕ್ಕೆ ಸುಳ್ಳು ಹೇಳುವುದಿಲ್ಲ. ಎಲೆ ದುಂಡಗೆ, ಉಣ್ಣೆಯಂತೆ ರೋಮಮಯವಾಗಿ, ತೊಟ್ಟಿಲ್ಲದೆ ಇದ್ದರೆ ಅದು ಆಪಲ್ ಮಿಂಟ್. ಅಂಚಿನಲ್ಲಿ ಕೆನೆ ಬಣ್ಣದ ಪಟ್ಟೆಯಿರುವ ತಳಿಯನ್ನು ಪೈನಾಪಲ್ ಮಿಂಟ್ ಎನ್ನುತ್ತಾರೆ. ಉದ್ದ, ಕಿರಿದು, ಬೂದಿ ಬಳಿದಂಥ ಎಲೆಯದು ಹಾರ್ಸ್ ಮಿಂಟ್ ಎನ್ನುವ ಮೆಂಥಾ ಲಾಂಜಿಫೋಲಿಯಾ. ಎಲೆ ಒಂದೆರಡು ಸೆಂಟಿಮೀಟರ್ ಮಾತ್ರ, ಗಿಡ ನೆಲಕ್ಕೆ ಒರಗಿದ್ದರೆ ಪೆನಿರಾಯಲ್ ಎಂಬ ಅನುಮಾನ ಇಟ್ಟುಕೊಳ್ಳಿ. ಅದರ ವಿಷಯ ಮುಂದೆ ಬರುತ್ತದೆ.

ಹೂವಿದ್ದರೆ ಅದು ಎಲ್ಲಿ ಕೂತಿದೆ ಎಂಬುದೇ ಪ್ರಶ್ನೆ. ಕೊಂಬೆಯ ತುದಿಯಲ್ಲಿ ಸಣ್ಣನೆಯ ಉದ್ದ ತೆನೆಯಾಗಿದ್ದರೆ ಸ್ಪಿಯರ್‌ಮಿಂಟ್, ಆಪಲ್ ಮಿಂಟ್ ಅಥವಾ ಹಾರ್ಸ್ ಮಿಂಟ್. ತೆನೆ ದಪ್ಪಗೆ, ಕೆಳಭಾಗದಲ್ಲಿ ಬಿಟ್ಟುಬಿಟ್ಟು ಇದ್ದರೆ ಪೆಪ್ಪರ್‌ಮಿಂಟ್. ತುದಿಯಲ್ಲಿ ಚೆಂಡಿನಂತೆ ಗುಂಡಗಿದ್ದರೆ ನೀರು ಪುದೀನ. ತುದಿಯಲ್ಲಿ ಬರೀ ಎಲೆ, ಹೂವೆಲ್ಲ ಕೆಳಗಿನ ಎಲೆಗಂಕುಳಲ್ಲಿ ಬಳೆಯಂತೆ ಸುತ್ತಿದ್ದರೆ ಮೆಂಥಾಲ್ ಪುದೀನ (ಮೆಂಥಾ ಆರ್ವೆನ್ಸಿಸ್ ಗುಂಪು) ಇಲ್ಲವೇ ಪೆನಿರಾಯಲ್. ಇವೆರಡನ್ನು ಬೇರೆ ಮಾಡಲು ಪುಷ್ಪಪಾತ್ರೆಯ ಬಾಯಿಗೆ ಭೂತಗನ್ನಡಿ ಹಿಡಿಯಿರಿ: ಒಳಗಂಟಲಲ್ಲಿ ಬಿಳಿ ರೋಮಗಳು ಬಾಯಿ ಮುಚ್ಚಿಕೊಂಡಿದ್ದರೆ ಪೆನಿರಾಯಲ್.

ಈಗ ಮೂಗು

ಎಲೆಯ ಕೆಳಮೈಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಅವೇ ತೈಲದ ಚೀಲಗಳು. ಅವು ಒಡೆಯುವಷ್ಟು ಮಾತ್ರ ಉಜ್ಜಿದರೆ ಸಾಕು. ಹಿಚುಕಿ ರಸ ತೆಗೆದರೆ ಹಸಿರು ಹುಲ್ಲಿನ ವಾಸನೆ ಮೇಲಾಗುತ್ತದೆ. ಹಲವು ಗಿಡಗಳನ್ನು ಮೂಸುವುದಿದ್ದರೆ ಮೆಲುವಾಸನೆಯದರಿಂದ ಶುರುಮಾಡಿ, ಪೆಪ್ಪರ್‌ಮಿಂಟ್ ಮತ್ತು ಮೆಂಥಾಲ್ ಪುದೀನವನ್ನು ಕೊನೆಗಿಡಿ. ಮೆಂಥಾಲ್ ಒಮ್ಮೆ ಮೂಗಿಗೇರಿದರೆ ಮುಂದಿನ ಹತ್ತು ನಿಮಿಷ ಎಲ್ಲ ಗಿಡವೂ ಪೆಪ್ಪರ್‌ಮಿಂಟೇ. ಒಂದೊಂದಕ್ಕೂ ಬೇರೆ ಬೆರಳು ಬಳಸಿ.

ಸ್ಪಿಯರ್‌ಮಿಂಟ್‌ನ ವಾಸನೆ ಕಾರ್ವೋನ್ ಎಂಬ ವಸ್ತುವಿನದು. ಅದರಲ್ಲಿ ಮೆಂಥಾಲ್ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಸಿಹಿ ಘಮವಿದೆ, ಕೊರೆಯುವ ತಂಪಿಲ್ಲ. ಪೆಪ್ಪರ್‌ಮಿಂಟ್ ತೈಲದಲ್ಲಿ ಮೆಂಥಾಲ್ ಸುಮಾರು ಶೇ. 30ರಿಂದ 55, ಮೆಂಥಾಲ್ ಪುದೀನದಲ್ಲಿ ಶೇ. 70ನ್ನೂ ಮೀರುತ್ತದೆ. ಮೆಂಥಾಲ್ ಹರಳು ತೆಗೆಯುವುದು ಈ ಕಡೆಯದರಿಂದಲೇ. ಕಾರ್ವೋನ್‌ನದ್ದು ಇನ್ನೊಂದು ಚೋದ್ಯ. ಸಬ್ಬಸಿಗೆ ಬೀಜದಲ್ಲೂ ಕಾರ್ವೋನೇ ಇದೆ. ಅಣುವಿನ ರಚನೆ ಅದೇ, ಆದರೆ ಎಡಗೈ ಬಲಗೈಯಂತೆ ಒಂದಕ್ಕೊಂದು ಕನ್ನಡಿಯ ಬಿಂಬ. ಅಷ್ಟು ವ್ಯತ್ಯಾಸಕ್ಕೇ ನಮ್ಮ ಮೂಗು ಒಂದನ್ನು ಪುದೀನ, ಇನ್ನೊಂದನ್ನು ಸಬ್ಬಸಿಗೆ ಎನ್ನುತ್ತದೆ.

ತಂಪು ವಾಸನೆಯಲ್ಲ, ಅದು ನರದ ಸಂದೇಶ. ಬಾಯಿ ಚರ್ಮಗಳಲ್ಲಿ ಚಳಿಯನ್ನು ಗ್ರಹಿಸುವ ಟಿಆರ್‌ಪಿಎಂ8 ಎಂಬ ಗ್ರಾಹಕವನ್ನು ಮೆಂಥಾಲ್ ತಟ್ಟಿ ಎಬ್ಬಿಸುತ್ತದೆ. ಬಾಯಿಯ ಉಷ್ಣತೆ ಇಳಿಯದಿದ್ದರೂ ಮಿದುಳಿಗೆ ಚಳಿಯ ಸುದ್ದಿ ಮುಟ್ಟುತ್ತದೆ. ಇದನ್ನು 2002ರಲ್ಲಿ ಪತ್ತೆಮಾಡಿದ ತಂಡಗಳ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ, ಉಷ್ಣತೆ ಮತ್ತು ಸ್ಪರ್ಶದ ಗ್ರಾಹಕಗಳ ಶೋಧಕ್ಕಾಗಿ, 2021ರ ನೊಬೆಲ್ ಸಂದಿತು. ಹಾಗಾಗಿ ‘ತಂಪಿದೆಯೇ’ ಎಂಬುದನ್ನು ಮೂಗಿಗಿಂತ ನಾಲಿಗೆ ಚೆನ್ನಾಗಿ ಹೇಳುತ್ತದೆ. ಆದರೆ ಕಾಂಡ, ಎಲೆ, ಬುಡದ ಪರೀಕ್ಷೆಯಲ್ಲಿ ಗೆಲ್ಲದ ಗಿಡವನ್ನು ನಾಲಿಗೆಗೆ ಮುಟ್ಟಿಸಬೇಡಿ.

ಒಂದರ ಬದಲು ಇನ್ನೊಂದು ಹಾಕುವಾಗ

ಅಡುಗೆಗೆ ಹಸಿ ಎಲೆ ಬೇಕೆಂದಾಗ ಸ್ಪಿಯರ್‌ಮಿಂಟ್ ಸುರಕ್ಷಿತ ಆಯ್ಕೆ. ಅದರ ಜಾಗಕ್ಕೆ ಪೆಪ್ಪರ್‌ಮಿಂಟ್ ಹಾಕುವುದಾದರೆ ಮೂರನೇ ಒಂದು ಪಾಲಿನಿಂದ ಶುರುಮಾಡಿ ರುಚಿ ನೋಡಿ. ಅಳತೆಗೆ ಅಳತೆ ಹಾಕಿದರೆ ಉಳಿದ ರುಚಿಯನ್ನೆಲ್ಲ ಅದು ನುಂಗಿಹಾಕಿ ತಿನಿಸು ಹಲ್ಲುಜ್ಜುವ ಪೇಸ್ಟಿನಂತಾಗುತ್ತದೆ. ಕಷಾಯಕ್ಕೆ ಪೆಪ್ಪರ್‌ಮಿಂಟ್ ಒಳ್ಳೆಯದು: 150 ಮಿಲಿಲೀಟರ್ ನೀರಿಗೆ ಒಣ ಎಲೆ ಒಂದೂವರೆ ಗ್ರಾಂ, ಕುದಿ ಇಳಿದ ನೀರು ಹೊಯ್ದು, ಮುಚ್ಚಿ, ಐದರಿಂದ ಹತ್ತು ನಿಮಿಷ. ಮುಚ್ಚದಿದ್ದರೆ ಮೆಂಥಾಲ್ ಹಬೆಯೊಡನೆ ಹಾರಿಹೋಗುತ್ತದೆ, ಲೋಟದಲ್ಲಿ ಕಹಿ ಮಾತ್ರ ಉಳಿಯುತ್ತದೆ. ಎದೆಯುರಿ ಇರುವವರಿಗೆ ಪೆಪ್ಪರ್‌ಮಿಂಟ್ ಸರಿಹೋಗದು. ಅನ್ನನಾಳದ ಕೆಳಬಾಗಿಲಿನ ಸ್ನಾಯುವನ್ನು ಅದು ಸಡಿಲಿಸುವುದರಿಂದ ಹುಳಿ ಮೇಲೇರುವುದು ಹೆಚ್ಚುತ್ತದೆ.

ಮೆಂಥಾಲ್ ಅಥವಾ ಪುದೀನ ತೈಲವನ್ನು ಹಸುಗೂಸುಗಳ ಮೂಗಿಗೆ, ಮುಖಕ್ಕೆ ಹಚ್ಚಲೇಬಾರದು. ಗಂಟಲು ಬಿಗಿದು ಉಸಿರು ಕಟ್ಟುವ ಅಪಾಯವಿದೆ. ಎಲೆಯೇ ಬೇರೆ, ತೈಲವೇ ಬೇರೆ. ಒಂದು ಹಿಡಿ ಎಲೆ ತಿಂದರೆ ಏನೂ ಆಗದವರಿಗೂ ತೈಲದ ಒಂದು ಚಮಚ ವಿಷವಾಗಬಹುದು.

ಪೆನಿರಾಯಲ್ ಪುದೀನದ ಕುಲದ್ದೇ. ಅದರ ಲ್ಯಾಟಿನ್ ಹೆಸರು ಚಿಗಟ ಎಂಬ ಪದದಿಂದ ಬಂದದ್ದು, ಹಿಂದೆ ಚಿಗಟ ಓಡಿಸಲು ಬಳಸುತ್ತಿದ್ದರು. ಅದರ ತೈಲದ ಬಹುಪಾಲು ಪುಲಿಗೋನ್. ಯಕೃತ್ತಿಗೆ ನೇರ ಹಾನಿ, ತೈಲ ಕುಡಿದು ಸತ್ತವರಿದ್ದಾರೆ. ಗರ್ಭಿಣಿಯರು ಅದರ ಎಲೆಯ ಕಷಾಯದಿಂದಲೂ ದೂರವಿರಬೇಕು. ಕುಟುಂಬದ ಹೆಸರೂ ರಕ್ಷೆಯಲ್ಲ. ಇದೇ ಕುಟುಂಬದ ಜರ್ಮಾಂಡರ್ ಎಂಬ ಮೂಲಿಕೆ ತೂಕ ಇಳಿಸುವ ಮದ್ದಾಗಿ ಮಾರಾಟವಾಗಿ, ಯಕೃತ್ತಿನ ಉರಿಯೂತ ತಂದದ್ದರಿಂದ 1992ರಲ್ಲಿ ಫ್ರಾನ್ಸ್ ಅದನ್ನು ಮಾರುಕಟ್ಟೆಯಿಂದ ತೆಗೆಸಿತು.

ಗುರುತಿಸಿದ್ದು ಹಾಗೇ ಉಳಿಯಬೇಕಾದರೆ

ಮೆಚ್ಚಿದ ಗಿಡವನ್ನು ಬೀಜದಿಂದ ಬೆಳೆಸಲು ಹೋಗಬೇಡಿ. ಬೆರಕೆಯ ಮಕ್ಕಳು ತಾಯಿಯಂತಿರುವುದಿಲ್ಲ. ಹೂ ಬಿಡದ ಕೊಂಬೆಯಿಂದ ಎಂಟು ಹತ್ತು ಸೆಂಟಿಮೀಟರ್ ತುಂಡನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಕೆಳಗಿನ ಎರಡು ಜೋಡಿ ಎಲೆ ತೆಗೆದು, ಒಂದು ಗೆಣ್ಣಾದರೂ ನೀರಿನಲ್ಲಿ ಮುಳುಗುವಂತೆ ಲೋಟದಲ್ಲಿಡಿ. ಎಲೆ ನೀರಿಗೆ ತಾಗಿದರೆ ಕೊಳೆತು ಎಲ್ಲ ತುಂಡುಗಳನ್ನೂ ಕೆಡಿಸುತ್ತದೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ನೇರ ಬಿಸಿಲು ಬೇಡ. ಒಂದೆರಡು ವಾರದಲ್ಲಿ ಬೇರು ಬರುತ್ತದೆ. ಎರಡು ಮೂರು ಸೆಂಟಿಮೀಟರ್ ಆದಾಗಲೇ ಮಣ್ಣಿಗೆ ಬದಲಿಸಬೇಕು. ನೀರಿನಲ್ಲೇ ತಿಂಗಳುಗಟ್ಟಲೆ ಬಿಟ್ಟ ಬೇರು ಪೆಡಸಾಗಿ ಮಣ್ಣಿನಲ್ಲಿ ಹಿಡಿಯಲು ತಿಣುಕುತ್ತದೆ.

ಎರಡು ಬಗೆಯ ಪುದೀನ ಅಕ್ಕಪಕ್ಕ ನೆಟ್ಟರೆ ಎಲೆಯ ರುಚಿ ಬೆರೆಯುತ್ತದೆ ಎಂಬ ಮಾತು ಬಹಳ ಕೇಳುತ್ತದೆ. ಹಾಗೇನಿಲ್ಲ. ಇರುವ ಗಿಡದ ಎಲೆ ನೆರೆಯವನನ್ನು ನೋಡಿ ಬದಲಾಗುವುದಿಲ್ಲ. ಆಗುವುದು ಇದು: ಹಬ್ಬುಕಾಂಡಗಳು ಹೆಣೆದುಕೊಂಡು ಜೋರಿನದು ಮೆತ್ತನೆಯದನ್ನು ತುಳಿಯುತ್ತದೆ, ಉದುರಿದ ಬೀಜದಿಂದ ಬೆರಕೆ ಸಸಿಗಳು ನಡುವೆ ಏಳುತ್ತವೆ, ಕೀಳುವವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಒಂದೊಂದಕ್ಕೂ 25ರಿಂದ 30 ಸೆಂಟಿಮೀಟರ್ ಅಗಲದ ಬೇರೆ ಕುಂಡ ಕೊಡಿ. ನೆಲದಲ್ಲೇ ಬೇಕೆಂದರೆ ತಳ ತೆಗೆದ ಕುಂಡವನ್ನು 30 ಸೆಂಟಿಮೀಟರ್ ಆಳಕ್ಕೆ ಹೂತು, ಅಂಚು ಮಣ್ಣಿನ ಮೇಲೆ ನಾಲ್ಕೈದು ಸೆಂಟಿಮೀಟರ್ ಉಳಿಯಲಿ. ಅಂಚನ್ನು ಮಣ್ಣಿನ ಮಟ್ಟಕ್ಕೆ ಹೂತವರ ಪುದೀನ ಮರುವರ್ಷವೇ ಹೊರಗಿರುತ್ತದೆ.

ಎರಡು ಮೂರು ವರ್ಷಕ್ಕೊಮ್ಮೆ ಗಿಡ ಕಿತ್ತು, ನಡುವಿನ ಕಟ್ಟಿಗೆಯಾದ ಭಾಗ ಬಿಸಾಡಿ, ಅಂಚಿನ ಎಳೆಯ ಹಬ್ಬುಕಾಂಡಗಳನ್ನು ಮತ್ತೆ ನೆಡಿ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿಗುಳ್ಳೆ ಕಂಡರೆ ಅದು ತುಕ್ಕುರೋಗ, ಪಕ್ಸಿನಿಯಾ ಮೆಂಥೆ ಎಂಬ ಬೂಷ್ಟು. ಆ ಕೊಂಬೆಗಳನ್ನು ಬುಡಕ್ಕೆ ಕತ್ತರಿಸಿ ದೂರ ಸಾಗಿಸಬೇಕು. ಹಾಗೇ ಬಿಟ್ಟ ಗಿಡದ ತುಂಡು ನೆಟ್ಟರೆ ರೋಗವನ್ನೂ ನೆಟ್ಟಂತೆ.

ಒಣಗಿಸುವುದಕ್ಕೆ ಕೊಯ್ಯುವುದಾದರೆ ಮೊಗ್ಗು ಕಾಣುವ ಹೊತ್ತು ಸರಿ. ಪೆಪ್ಪರ್‌ಮಿಂಟ್ ಪೂರ್ತಿ ಅರಳಿದ ಮೇಲೆ ತೈಲದಲ್ಲಿ ಮೆಂಥೋಫ್ಯೂರಾನ್ ಹೆಚ್ಚಿ ರುಚಿ ಒರಟಾಗುತ್ತದೆ. ತೀರ ಎಳೆಯ ಎಲೆಯಲ್ಲಿ ಮೆಂಥೋನ್ ಹೆಚ್ಚು, ಅದು ಮೆಂಥಾಲ್ ಆಗಿ ಮಾಗಲು ಎಲೆ ಬಲಿಯಬೇಕು. ಇಬ್ಬನಿ ಆರಿದ ಮೇಲೆ ಕೊಯ್ದು, ನೆರಳಲ್ಲಿ ಗಾಳಿಯಾಡುವ ಕಡೆ ಸಣ್ಣ ಕಟ್ಟುಗಳಾಗಿ ತೂಗುಹಾಕಿ. ಉಷ್ಣತೆ 35 ಡಿಗ್ರಿ ದಾಟದಿರಲಿ. ಹುರಿಯಂತೆ ಬಾಗದೆ ಕಾಂಡ ಚಟಕ್ಕೆಂದು ಮುರಿದರೆ ಒಣಗಿದೆ. ಎಲೆಯನ್ನು ಪುಡಿಮಾಡದೆ ಇಡಿಯಾಗಿಯೇ ಡಬ್ಬಿಗೆ ತುಂಬಿ, ಮೇಲೆ ಗಿಡದ ಪೂರ್ತಿ ಹೆಸರು, ಕೊಯ್ದ ತಾರೀಕು ಬರೆದು ಅಂಟಿಸಿ. ಒಣಗಿದ ಮೇಲೆ ತೊಟ್ಟೂ ಮುದುಡಿ, ಬಣ್ಣವೂ ಮಾಸಿ, ಸ್ಪಿಯರ್‌ಮಿಂಟ್ ಯಾವುದು ಲೆಮನ್ ಬಾಮ್ ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ.